ಲೆಕ್ಕ ಕೇಳುವವರು ಯಾರಿಗೆ ಉತ್ತರಿಸಬೇಕು?

ಆಂತರಿಕ ಲೆಕ್ಕಪರಿಶೋಧನೆಯ ವೃತ್ತಿ ಹೊರದೇಶಗಳ ಒಡನಾಟದಿಂದಲೇ ನಮ್ಮಲ್ಲಿ ಬೆಳೆದದ್ದು. ಆದರೆ ಕಳಂಬೋಲಿ, ಪನ್ವೇಲ್‌ಗಳ ಠೇವಣಿದಾರರನ್ನು ಮುಟ್ಟುವ ಹೊತ್ತಿಗೆ ಅದರ ಅರ್ಧ ಭಾಗ ದಾರಿಯಲ್ಲೇ ಉಳಿದುಹೋಯಿತು.

ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಶುರುವಾಗುವುದು ಕಳಂಬೋಲಿಯಲ್ಲಿ. ಹಾಗಾಗಿ ಹೆಚ್ಚಿನವರಿಗೆ ಅದು ದಾಟಿಹೋಗುವ ಊರು. ದಾಟದೆ ಕೆಳಗಿಳಿದರೆ ಸಿಗುವುದು ಉಕ್ಕಿನ ಮಾರುಕಟ್ಟೆ. ಮುಂಬೈ ಬಂದರಿನ ಬದಿಯ ಇಕ್ಕಟ್ಟಿನಿಂದ ಕಬ್ಬಿಣದ ವ್ಯಾಪಾರವನ್ನು ಹೊರತರಲು ಸರಕಾರಿ ನಗರಾಭಿವೃದ್ಧಿ ಸಂಸ್ಥೆ ಸಿಡ್ಕೊ ರೂಪಿಸಿದ ಪೇಟೆ ಇದು. ಒಂದು ಪಕ್ಕದಲ್ಲಿ ತಳೋಜಾದ ಕಾರ್ಖಾನೆಗಳು, ಇನ್ನೊಂದು ದಿಕ್ಕಿಗೆ 1989ರಲ್ಲಿ ಶುರುವಾದ ನ್ಹಾವಾ ಶೇವಾ ಬಂದರು. ತುಂಬಿದ ಲಾರಿ ಕಾಟಾ ಹತ್ತಿದಾಗ ಒಂದು ತೂಕ, ಖಾಲಿ ಲಾರಿಗೆ ಇನ್ನೊಂದು ತೂಕ. ನಡುವಿನ ವ್ಯತ್ಯಾಸವೇ ಮಾಲು. ಕಾಯಿಲ್ ಕತ್ತರಿಸುವಾಗ ಹೋಗುವ ಚೂರು, ಗಿರಾಕಿಗೆ ಬಿಟ್ಟ ಉದ್ರಿ, ಚಲನ್‌ಗೂ ಇ-ವೇ ಬಿಲ್ಲಿಗೂ ಆಗದ ತಾಳೆ, ಹೀಗೆ ಇಲ್ಲಿ ದುಡ್ಡು ಸೋರುವ ದಾರಿಗಳು ಹಲವು. ಇಂಥ ವ್ಯಾಪಾರ ಬಹುಮಟ್ಟಿಗೆ ನಿಂತಿರುವುದು ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಮೇಲೆ. ಗೋದಾಮಿನಲ್ಲಿ ಎಷ್ಟು ಮಾಲಿದೆಯೆಂಬ ಸ್ಟಾಕ್ ಸ್ಟೇಟ್‌ಮೆಂಟ್ ತಿಂಗಳು ತಿಂಗಳು ಬ್ಯಾಂಕಿಗೆ ಹೋಗುತ್ತದೆ. ಅದನ್ನು ನೋಡಿ ಬ್ಯಾಂಕು ಎಷ್ಟು ಹಣ ಎತ್ತಬಹುದೆಂಬ ಡ್ರಾಯಿಂಗ್ ಪವರ್ ಗೊತ್ತುಮಾಡುತ್ತದೆ. ಕಾಗದದಲ್ಲಿರುವ ಉಕ್ಕು ಗೋದಾಮಿನಲ್ಲೂ ಇದೆಯೇ? ಈ ಪ್ರಶ್ನೆಯನ್ನು ಮೊದಲು ಕೇಳಬೇಕಾದವರು ವ್ಯಾಪಾರಿಯ ಸಂಸ್ಥೆಯೊಳಗಿನವರು, ಆಮೇಲೆ ಬ್ಯಾಂಕು ಕಳುಹಿಸಿದ ಸ್ಟಾಕ್ ಆಡಿಟರು, ಶಾಖೆ ಈ ಕೆಲಸವನ್ನು ಸರಿಯಾಗಿ ಮಾಡಿತೇ ಎಂದು ನೋಡಬೇಕಾದವರು ಬ್ಯಾಂಕಿನದೇ ಇಂಟರ್ನಲ್ ಆಡಿಟರು. ಈ ಸರಪಳಿಯ ತುದಿಯಲ್ಲಿರುವುದು ಯಾರದೋ ನಿವೃತ್ತಿಯ ಹಣ, ಇನ್ಯಾರದೋ ಮಗಳ ಮದುವೆಗೆಂದು ಇಟ್ಟ ಠೇವಣಿ.

ವರ್ಷ ಮುಗಿದ ಮೇಲೆ ಬಂದು, ಲೆಕ್ಕಪತ್ರ ಸತ್ಯವೂ ನ್ಯಾಯವೂ ಆಗಿದೆಯೆಂದು ಷೇರುದಾರರಿಗೆ ಹೇಳುವವರು ಶಾಸನಬದ್ಧ ಆಡಿಟರು. ಇಂಟರ್ನಲ್ ಆಡಿಟರ ಕೆಲಸ ಬೇರೆ. ಅವರು ವರ್ಷವಿಡೀ ಒಳಗಿದ್ದುಕೊಂಡು, ತಪ್ಪು ನಡೆಯದಂತೆ ಹಾಕಿದ ತಡೆಗಳು ಕೆಲಸ ಮಾಡುತ್ತಿವೆಯೇ, ಅಪಾಯ ಎಲ್ಲಿ ಬೆಳೆಯುತ್ತಿದೆ ಎಂದು ನೋಡುತ್ತಾರೆ. ಸಂಬಳವನ್ನೋ ಶುಲ್ಕವನ್ನೋ ಕೊಡುವವರ ತಪ್ಪನ್ನೇ ಅವರು ಎತ್ತಿ ತೋರಿಸಬೇಕು. ಈ ವೃತ್ತಿಯ ಕಷ್ಟವೂ ಬೆಲೆಯೂ ಇದರಲ್ಲೇ ಇದೆ. ಅದಕ್ಕಾಗಿಯೇ ಜಗತ್ತಿನ ಬೇರೆ ಬೇರೆ ಕಡೆ ಈ ಕೆಲಸದವರು ಸೇರಿ ಎಂಟು ದಶಕಗಳಲ್ಲಿ ಕಟ್ಟಿದ ನಿಯಮಗಳಲ್ಲಿ ಲೆಕ್ಕದ ತಂತ್ರದಷ್ಟೇ ಜಾಗ ಈ ಪ್ರಶ್ನೆಗೂ ಸಿಕ್ಕಿದೆ: ಆಡಿಟರು ಯಾರಿಗೆ ಉತ್ತರಿಸಬೇಕು, ಅವರನ್ನು ತೆಗೆಯುವ ಅಧಿಕಾರ ಯಾರಿಗಿರಬೇಕು? ನಾವು ಹೊರಗಿನಿಂದ ತಂತ್ರವನ್ನು ಬೇಗ ತಂದುಕೊಂಡೆವು. ಈ ಪ್ರಶ್ನೆಗೆ ಅವರು ಕೊಟ್ಟುಕೊಂಡ ಉತ್ತರವನ್ನು ತರುವುದಕ್ಕೆ ತಡಮಾಡಿದೆವು. ಸಣ್ಣ ಸಂಸ್ಥೆಗಳ ಮಟ್ಟಿಗೆ ಇನ್ನೂ ಪೂರ್ತಿ ತಂದಿಲ್ಲ.

ನ್ಯೂಯಾರ್ಕಿನಿಂದ ಬೆಂಗಳೂರಿಗೆ

1941ರಲ್ಲಿ ನ್ಯೂಯಾರ್ಕಿನಲ್ಲಿ 24 ಮಂದಿ ಸೇರಿ ಇನ್‌ಸ್ಟಿಟ್ಯೂಟ್ ಆಫ್ ಇಂಟರ್ನಲ್ ಆಡಿಟರ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಆ ದಶಕ ಮುಗಿಯುವುದರೊಳಗೆ ಅದರ ಘಟಕಗಳು ಅಮೆರಿಕದ ಹೊರಗೂ ಹುಟ್ಟಿಕೊಂಡವು. 1974ರಲ್ಲಿ ವೃತ್ತಿಯ ಮೊದಲ ಜಾಗತಿಕ ಪರೀಕ್ಷೆ ನಡೆಯಿತು, 1978ರಲ್ಲಿ ಮೊದಲ ಮಾನದಂಡಗಳು ಬಂದವು. ಇಂದು 170ಕ್ಕೂ ಹೆಚ್ಚು ದೇಶಗಳಲ್ಲಿ ಅದಕ್ಕೆ ಎರಡು ಲಕ್ಷಕ್ಕೂ ಮೀರಿ ಸದಸ್ಯರಿದ್ದಾರೆ. ಮುಂಬೈ, ಬೆಂಗಳೂರು ಸೇರಿದಂತೆ ಭಾರತದ ದೊಡ್ಡ ನಗರಗಳಲ್ಲೂ ಘಟಕಗಳಿವೆ. ನಮ್ಮ ಸರಕಾರ 1975ರಲ್ಲಿ ಹೊರಡಿಸಿದ ಒಂದು ಆದೇಶ, ಇಂತಿಷ್ಟು ಗಾತ್ರ ಮೀರಿದ ಕಂಪೆನಿಗಳಲ್ಲಿ ತಕ್ಕ ಆಂತರಿಕ ಆಡಿಟ್ ವ್ಯವಸ್ಥೆ ಇದೆಯೇ ಎಂದು ಶಾಸನಬದ್ಧ ಆಡಿಟರು ವರದಿಯಲ್ಲಿ ಹೇಳಬೇಕೆಂದಿತು. ಪ್ರಶ್ನೆ ಸರಿಯಾದದ್ದೇ. ಆದರೆ ‘ಹೌದು, ಇದೆ’ ಎಂದು ಒಂದು ಸಾಲು ಬರೆದರೆ ಅದು ಮುಗಿದುಹೋಗುತ್ತಿತ್ತು.

ಆ ಒಂದು ಸಾಲು ಸಾಲದ ಕಾಲ ಬಂದದ್ದು ನಮ್ಮ ಕಂಪೆನಿಗಳು ಹೊರಗಿನ ಹೂಡಿಕೆದಾರರ ಎದುರು ನಿಂತಾಗ. 1999ರ ಮಾರ್ಚ್‌ನಲ್ಲಿ ಬೆಂಗಳೂರಿನ ಇನ್ಫೋಸಿಸ್ ಅಮೆರಿಕದ ನಾಸ್ಡಾಕ್ ಪಟ್ಟಿಗೆ ಸೇರಿತು. ಭಾರತದಲ್ಲಿ ನೋಂದಾಯಿತವಾದ ಕಂಪೆನಿಯೊಂದು ಅಲ್ಲಿಗೆ ಹೋದದ್ದು ಅದೇ ಮೊದಲು. ಮರುವರ್ಷ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಲಿಸ್ಟಿಂಗ್ ಒಪ್ಪಂದಕ್ಕೆ 49ನೇ ಕಲಮನ್ನು ಸೇರಿಸಿ ನಿರ್ದೇಶಕರ ಮಂಡಳಿಯ ಆಡಿಟ್ ಸಮಿತಿಯನ್ನು ಕಡ್ಡಾಯ ಮಾಡಿತು. 2002ರಲ್ಲಿ ಅಮೆರಿಕ ಸಾರ್ಬೇನ್ಸ್–ಆಕ್ಸ್‌ಲಿ ಕಾಯ್ದೆ ತಂದಾಗ, ಅಲ್ಲಿ ಪಟ್ಟಿಯಾದ ಭಾರತೀಯ ಕಂಪೆನಿಗಳೂ ಒಳನಿಯಂತ್ರಣಗಳನ್ನು ಪರೀಕ್ಷಿಸಿ, ದಾಖಲಿಸಿ, ಮುಖ್ಯಸ್ಥರ ಸಹಿಯೊಂದಿಗೆ ಒಪ್ಪಿಸಬೇಕಾಯಿತು. 2003ರಲ್ಲಿ ಎನ್.ಆರ್. ನಾರಾಯಣಮೂರ್ತಿ ಅಧ್ಯಕ್ಷತೆಯ ಸೆಬಿ ಸಮಿತಿ ಆಡಿಟ್ ಸಮಿತಿಗಳನ್ನು ಇನ್ನಷ್ಟು ಬಲಪಡಿಸಲು, ತಪ್ಪನ್ನು ಬಯಲಿಗೆಳೆಯುವ ನೌಕರರಿಗೆ ದಾರಿ ಮಾಡಿಕೊಡಲು ಶಿಫಾರಸು ಮಾಡಿತು. ಕೊನೆಗೆ 2013ರ ಕಂಪೆನಿ ಕಾಯ್ದೆಯ 138ನೇ ವಿಧಿ ಆಂತರಿಕ ಆಡಿಟರ ನೇಮಕವನ್ನೇ ಕಡ್ಡಾಯಗೊಳಿಸಿತು: ಪಟ್ಟಿಯಾದ ಎಲ್ಲ ಕಂಪೆನಿಗಳಿಗೆ, ಹಾಗೆಯೇ ₹200 ಕೋಟಿ ವಹಿವಾಟು ಅಥವಾ ₹100 ಕೋಟಿ ಬ್ಯಾಂಕ್ ಸಾಲದ ಮಟ್ಟ ಮುಟ್ಟಿದ ಖಾಸಗಿ ಕಂಪೆನಿಗಳಿಗೆ. ಹೊರಗಿನ ಒಡನಾಟವಿಲ್ಲದೆ ಈ ವೃತ್ತಿ ಇಷ್ಟು ಬೇಗ ಬೆಳೆಯುತ್ತಿರಲಿಲ್ಲ. ಆದರೆ ಉಕ್ಕಿನ ಮಾರುಕಟ್ಟೆಯ ಪಾಲುದಾರಿಕೆ ಪೇಢಿಗಳು, ಒಬ್ಬರದೇ ಮಾಲಿಕತ್ವದ ಅಂಗಡಿಗಳು ಈ ವಿಧಿಯ ಹೊರಗೇ ಇವೆ. ಅವುಗಳ ಮೇಲೆ ಕಣ್ಣಿಡುವ ಕೆಲಸ ಸಾಲ ಕೊಟ್ಟ ಬ್ಯಾಂಕಿನ ಪಾಲಿಗೆ ಬಿದ್ದಿದೆ.

ಬ್ಯಾಂಕುಗಳ ಕತೆಯೂ ಇದೇ ದಾರಿಯಲ್ಲಿ ಸಾಗಿದ್ದು. ಬ್ಯಾಂಕುಗಳ ಆಂತರಿಕ ಆಡಿಟ್ ಹೇಗಿರಬೇಕೆಂದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಸಮಿತಿ 2001ರ ಆಗಸ್ಟ್‌ನಲ್ಲಿ ಮಾರ್ಗದರ್ಶಿ ಪ್ರಕಟಿಸಿತು. 2002ರ ಡಿಸೆಂಬರ್ 27ರಂದು ರಿಸರ್ವ್ ಬ್ಯಾಂಕು ನಮ್ಮ ವಾಣಿಜ್ಯ ಬ್ಯಾಂಕುಗಳಿಗೆ, ಪ್ರತಿ ವೋಚರಿಗೂ ಟಿಕ್ ಹಾಕುವ ಹಳೆಯ ಪದ್ಧತಿಯಿಂದ ಅಪಾಯ ಹೆಚ್ಚಿರುವ ಕಡೆ ಹೆಚ್ಚು ನೋಡುವ ಪದ್ಧತಿಗೆ ಬರಲು ಹೇಳಿತು. ಇದೇ ಚೌಕಟ್ಟು ನಗರ ಸಹಕಾರಿ ಬ್ಯಾಂಕುಗಳಿಗೆ ಬಂದದ್ದು 2021ರ ಫೆಬ್ರವರಿ 3ರ ಸುತ್ತೋಲೆಯಲ್ಲಿ, ಅದೂ ₹500 ಕೋಟಿ ಹಾಗೂ ಅದಕ್ಕೂ ಮೇಲಿನ ಆಸ್ತಿಯುಳ್ಳವಕ್ಕೆ, 2022ರ ಮಾರ್ಚ್ 31ರೊಳಗೆ ಜಾರಿಗೆ ತರಬೇಕೆಂಬ ಗಡುವಿನೊಂದಿಗೆ. ಬಾಸೆಲ್‌ನಿಂದ ರಿಸರ್ವ್ ಬ್ಯಾಂಕಿನ ಮುಂಬೈ ಕಚೇರಿಗೆ ಬರಲು ಒಂದೂವರೆ ವರ್ಷವೂ ಹಿಡಿಯಲಿಲ್ಲ. ಅಲ್ಲಿಂದ ಅದೇ ಊರಿನ ಸಹಕಾರಿ ಬ್ಯಾಂಕುಗಳನ್ನು ಮುಟ್ಟಲು ಹದಿನೆಂಟು ವರ್ಷ ಬೇಕಾಯಿತು.

ಸಹಕಾರ ಬಂತು, ಅದರ ಕಾವಲು ಬರಲಿಲ್ಲ

ಈ ಹದಿನೆಂಟು ವರ್ಷಗಳ ಹಿಂದೆ ಇನ್ನೂ ಹಳೆಯದೊಂದು ಬಿಟ್ಟುಹೋದ ಲೆಕ್ಕವಿದೆ. ಸಹಕಾರ ಸಂಘ ಎಂಬುದೇ ನಮಗೆ ಹೊರಗಿನಿಂದ ಬಂದದ್ದು. ಜರ್ಮನಿಯಲ್ಲಿ ರೈಫೈಸನ್ ಕಟ್ಟಿದ ಗ್ರಾಮೀಣ ಸಾಲಸಂಘಗಳನ್ನು ಅಭ್ಯಾಸ ಮಾಡಿದ ಫ್ರೆಡರಿಕ್ ನಿಕಲ್ಸನ್ ಮದರಾಸು ಸರಕಾರಕ್ಕೆ ವರದಿ ಒಪ್ಪಿಸಿದರು. 1904ರಲ್ಲಿ ಸಹಕಾರಿ ಸಾಲಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘ ಹುಟ್ಟಿತು. 1906ರಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ಮುಂಬೈಯಲ್ಲಿ ಶಾಮರಾವ್ ವಿಠಲ್ ಸಹಕಾರಿ ಸಂಘವನ್ನು ಆರಂಭಿಸಿದರು. ಅದೇ ಇಂದಿನ ಎಸ್‌ವಿಸಿ ಬ್ಯಾಂಕು. 1978ರಲ್ಲಿ ಬಿಲ್ಲವರ ಅಸೋಸಿಯೇಶನ್ನಿನ ಆಶ್ರಯದಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕು ಬಂತು. ಕರಾವಳಿಯಿಂದ ಮುಂಬೈಗೆ ದುಡಿಯಲು ಬಂದವರಿಗೆ ಸಹಕಾರಿ ಬ್ಯಾಂಕೆಂದರೆ ಬಡ್ಡಿ, ಸಾಲಗಳಾಚೆಗೂ ತಮ್ಮವರದೆಂಬ ಒಂದು ಜಾಗ.

ಜರ್ಮನಿಯಲ್ಲಿ ಮಾತ್ರ ಸಹಕಾರದ ಜತೆಗೇ ಇನ್ನೊಂದು ವ್ಯವಸ್ಥೆಯೂ ಬೆಳೆದಿತ್ತು. 1889ರ ಅಲ್ಲಿನ ಸಹಕಾರ ಕಾಯ್ದೆ ಪ್ರತಿ ಸಂಘಕ್ಕೂ ತಪಾಸಣೆಯನ್ನು ಕಡ್ಡಾಯ ಮಾಡಿತು, ಸಂಘಗಳೇ ಸೇರಿ ಕಟ್ಟಿಕೊಂಡ ಒಕ್ಕೂಟಗಳಿಗೆ ಆ ಕೆಲಸವನ್ನು ನಡೆಸಲು ಅವಕಾಶ ಕೊಟ್ಟಿತು. 1934ರಲ್ಲಿ ಅಂಥ ತಪಾಸಣಾ ಒಕ್ಕೂಟದ ಸದಸ್ಯತ್ವವೂ ಕಡ್ಡಾಯವಾಯಿತು. ಒಂದು ಸಂಘದ ಲೆಕ್ಕ ನೋಡಲು ಬರುವವರು ಆ ಸಂಘದ ಅಧ್ಯಕ್ಷರ ಋಣದಲ್ಲಿಲ್ಲ. ಸಹಕಾರದ ಕೆಲಸ ಬಲ್ಲ ಒಕ್ಕೂಟದವರು. ನಮ್ಮ ಕಾಯ್ದೆ ಸಂಘವನ್ನು ತಂದಿತು, ಒಕ್ಕೂಟದ ತಪಾಸಣೆಯನ್ನು ತರಲಿಲ್ಲ. ಆ ಹೊಣೆ ಸರಕಾರದ ರಿಜಿಸ್ಟ್ರಾರರಿಗೆ ಹೋಯಿತು. ವರ್ಷಕ್ಕೊಮ್ಮೆ ಬರುವ ಸರಕಾರಿ ತಪಾಸಣೆ ಒಂದು ತುದಿಯಲ್ಲಿ, ಆಡಳಿತ ಮಂಡಳಿಯೇ ಆರಿಸಿಕೊಂಡ ಒಳಗಿನ ಆಡಿಟರು ಇನ್ನೊಂದು ತುದಿಯಲ್ಲಿ. ನಡುವೆ, ಒಳಗಿನವರ ಕಷ್ಟ ಬಲ್ಲ ಆದರೆ ಒಳಗಿನವರಿಗೆ ಅಂಜದ ಯಾರೂ ಇಲ್ಲದೆ ಹೋಯಿತು.

ಆ ಖಾಲಿ ಜಾಗದ ಬೆಲೆ ಎಷ್ಟೆಂದು ಕಳಂಬೋಲಿಯ ನೆರೆಯ ಪನ್ವೇಲ್‌ಗೆ ಗೊತ್ತಿದೆ. ಅಲ್ಲಿನ ಕರ್ನಾಳಾ ನಗರಿ ಸಹಕಾರಿ ಬ್ಯಾಂಕಿನ ಪರವಾನಗಿಯನ್ನು ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ರದ್ದುಮಾಡಿತು. ಹತ್ತಾರು ನಕಲಿ ಸಾಲಖಾತೆಗಳ ಮೂಲಕ ₹500 ಕೋಟಿಗೂ ಮೀರಿ ಹಣ ಬೇರೆಡೆಗೆ ಹರಿಯಿತೆಂಬುದು ಜಾರಿ ನಿರ್ದೇಶನಾಲಯದ ಆರೋಪ. ಅದೇ ವರ್ಷದ ಜೂನ್‌ನಲ್ಲಿ ಅದು ಬ್ಯಾಂಕಿನ ಮಾಜಿ ಅಧ್ಯಕ್ಷರನ್ನು ಬಂಧಿಸಿತ್ತು. ಸುಮಾರು 95% ಠೇವಣಿದಾರರಿಗೆ ವಿಮೆಯಿಂದ ಪೂರ್ತಿ ಹಣ ಸಿಗುವುದೆಂದು ರಿಸರ್ವ್ ಬ್ಯಾಂಕು ಹೇಳಿತು. 2020ರಲ್ಲಿ ವಿಮೆಯ ಮಿತಿ ₹1 ಲಕ್ಷದಿಂದ ₹5 ಲಕ್ಷಕ್ಕೆ ಏರಿರದಿದ್ದರೆ ಆ ಸಮಾಧಾನವೂ ಇಷ್ಟು ದೊಡ್ಡದಾಗಿರುತ್ತಿರಲಿಲ್ಲ. ಇದಕ್ಕೆ ಎರಡು ವರ್ಷ ಮೊದಲು, 2019ರ ಸೆಪ್ಟೆಂಬರ್‌ನಲ್ಲಿ, ಮುಂಬೈಯ ಪಿಎಂಸಿ ಸಹಕಾರಿ ಬ್ಯಾಂಕಿನ ಖಾತೆದಾರರು ಮೊದಲಿಗೆ ₹1,000ಕ್ಕಿಂತ ಹೆಚ್ಚು ತೆಗೆಯಲಾಗದೆ ಶಾಖೆಗಳೆದುರು ನಿಂತಿದ್ದರು. ಅಲ್ಲಿ ಒಟ್ಟು ಸಾಲದ 70%ಕ್ಕಿಂತ ಹೆಚ್ಚು ಒಂದೇ ಕಟ್ಟಡ ನಿರ್ಮಾಣ ಸಮೂಹಕ್ಕೆ ಹೋಗಿತ್ತು. ಅದನ್ನು ಮರೆಮಾಚಲು 21,000ಕ್ಕೂ ಹೆಚ್ಚು ನಕಲಿ ಖಾತೆಗಳನ್ನು ದಾಖಲೆಯಲ್ಲಿ ತೋರಿಸಲಾಗಿತ್ತೆಂಬುದು ಪೊಲೀಸ್ ದೂರಿನ ಸಾರ. ಇಂಥದ್ದು ಲೆಕ್ಕದ ಜಾಣತನದ ಕೊರತೆಯಿಂದ ಆಗುವುದಲ್ಲ. ಸಾವಿರಾರು ಖಾತೆಗಳು ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಉಳಿಯುತ್ತವೆಂದರೆ, ಕಂಡದ್ದನ್ನು ಹೇಳಲು ಸುರಕ್ಷಿತವಾದ ಜಾಗ ಅಲ್ಲಿರಲಿಲ್ಲ ಎಂದೇ ಅರ್ಥ.

ವರದಿ ಹೋಗುವ ದಾರಿ

ಅಂಥ ಜಾಗವಿದ್ದರೆ ಏನಾಗುತ್ತದೆ ಎಂಬುದಕ್ಕೆ 2002ರ ವರ್ಲ್ಡ್‌ಕಾಂ ಪ್ರಕರಣ ಸಾಕ್ಷಿ. ಆ ಅಮೆರಿಕನ್ ದೂರವಾಣಿ ಕಂಪೆನಿಯಲ್ಲಿ ಖರ್ಚನ್ನು ಆಸ್ತಿಯೆಂದು ಬರೆದು ಲಾಭ ಉಬ್ಬಿಸಿದ್ದನ್ನು ಹಿಡಿದದ್ದು ಅದರದೇ ಆಂತರಿಕ ಆಡಿಟ್ ತಂಡ, ಸಿಂಥಿಯಾ ಕೂಪರ್ ನೇತೃತ್ವದಲ್ಲಿ. ತಪಾಸಣೆಯನ್ನು ಮುಂದೂಡಲು ಹಣಕಾಸು ಮುಖ್ಯಸ್ಥರು ಹೇಳಿದಾಗ ಅವರು ನಿರ್ದೇಶಕರ ಮಂಡಳಿಯ ಆಡಿಟ್ ಸಮಿತಿಯ ಅಧ್ಯಕ್ಷರ ಬಳಿಗೆ ಹೋದರು. ಮೊದಲಿಗೆ ಬಯಲಾದದ್ದೇ ಸುಮಾರು 380 ಕೋಟಿ ಡಾಲರ್. ಮುಖ್ಯಸ್ಥರನ್ನು ದಾಟಿ ಹೋಗಲು ಒಂದು ಬಾಗಿಲು ಇರದಿದ್ದರೆ ಅದೇ ತಂಡ, ಅದೇ ಜಾಣತನ ಇದ್ದೂ ವಿಷಯ ಕಡತದಲ್ಲೇ ಸಾಯುತ್ತಿತ್ತು. ಇನ್‌ಸ್ಟಿಟ್ಯೂಟ್ ಆಫ್ ಇಂಟರ್ನಲ್ ಆಡಿಟರ್ಸ್ 2024ರ ಜನವರಿಯಲ್ಲಿ ಪ್ರಕಟಿಸಿ 2025ರ ಜನವರಿ 9ರಿಂದ ಜಾರಿಗೆ ತಂದ ಹೊಸ ಮಾನದಂಡಗಳಲ್ಲಿ ಈ ಬಾಗಿಲಿಗೆ ದೊಡ್ಡ ಸ್ಥಾನವಿದೆ: ಆಡಿಟ್ ಮುಖ್ಯಸ್ಥರ ನೇಮಕ, ವಜಾ ಮಂಡಳಿಯ ಒಪ್ಪಿಗೆಯಿಂದಲೇ ಆಗಬೇಕು, ಐದು ವರ್ಷಕ್ಕೊಮ್ಮೆಯಾದರೂ ಹೊರಗಿನವರು ಬಂದು ಆಡಿಟ್ ವಿಭಾಗದ ಗುಣಮಟ್ಟವನ್ನೇ ಅಳೆಯಬೇಕು. ರಿಸರ್ವ್ ಬ್ಯಾಂಕಿನ 2021ರ ಸುತ್ತೋಲೆಯೂ ಇದೇ ಜಾಡಿನದು. ಆಡಿಟ್ ಮುಖ್ಯಸ್ಥರು ಆಡಳಿತ ನಿರ್ದೇಶಕರಿಗೆ ವರದಿ ಮಾಡುವಂತಿದ್ದರೆ, ಮೂರು ತಿಂಗಳಿಗೊಮ್ಮೆಯಾದರೂ ಆ ನಿರ್ದೇಶಕರು ಇಲ್ಲದ ಹೊತ್ತಿನಲ್ಲಿ ಆಡಿಟ್ ಸಮಿತಿ ಅವರನ್ನು ಭೇಟಿಯಾಗಬೇಕೆನ್ನುತ್ತದೆ ಅದು.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪಕ್ಕೆ ಸತ್ಯಂ ಎಂದು ಹೆಸರು. ಹೈದರಾಬಾದಿನ ಆ ಸಾಫ್ಟ್‌ವೇರ್ ಕಂಪೆನಿ ನ್ಯೂಯಾರ್ಕ್ ಷೇರುಪೇಟೆಯಲ್ಲಿತ್ತು, ಆಡಿಟ್ ಸಮಿತಿಯಿತ್ತು, ಆಂತರಿಕ ಆಡಿಟ್ ವಿಭಾಗವಿತ್ತು. ಆದರೂ 2009ರ ಜನವರಿ 7ರಂದು ಅಧ್ಯಕ್ಷರೇ ಪತ್ರ ಬರೆದು ತಪ್ಪೊಪ್ಪಿಕೊಳ್ಳುವವರೆಗೆ ವಂಚನೆ ಹೊರಬರಲಿಲ್ಲ. 2015ರಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿದ 10 ಮಂದಿಯಲ್ಲಿ ಕಂಪೆನಿಯ ಆಂತರಿಕ ಆಡಿಟ್‌ನ ಮಾಜಿ ಮುಖ್ಯಸ್ಥರೂ ಇದ್ದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಮಾನದಂಡ ಏನು ಮಾಡೀತು ಎಂಬ ಪ್ರಶ್ನೆ ಸುಳ್ಳಲ್ಲ. ಪನ್ವೇಲ್‌ನಲ್ಲೂ ಆರೋಪ ಬಂದದ್ದು ಅಧ್ಯಕ್ಷರ ಮೇಲೆಯೇ. ಮಂಡಳಿಗೆ ವರದಿ ಒಪ್ಪಿಸು ಎಂದರೆ ಅಂಥ ಕಡೆ ಏನೂ ಬದಲಾಗದು. ಈ ಆಕ್ಷೇಪವನ್ನು ಒಪ್ಪಿದರೆ ಸಿಗುವ ಪಾಠ ಮಾತ್ರ ಬೇರೆಯೇ ಆಗಿದೆ. ಒಳಗಿನ ಬಾಗಿಲು ಒಂದೇ ಆದರೆ ಅದನ್ನು ಮುಚ್ಚಿಬಿಡಬಹುದು. ಎರಡನೆಯದೊಂದು ಹೊರಗೆ ತೆರೆದುಕೊಳ್ಳಬೇಕು. ಜರ್ಮನಿಯ ಸಹಕಾರ ಒಕ್ಕೂಟ ಕೊಟ್ಟದ್ದು ಆ ಎರಡನೆಯ ಬಾಗಿಲನ್ನು. ನಾವು ಬಿಟ್ಟುಬಂದದ್ದೂ ಅದನ್ನೇ.

ಎರಡನೆಯ ಆಕ್ಷೇಪ ಖರ್ಚಿನದು. ಐದಾರು ಶಾಖೆಗಳ ಬ್ಯಾಂಕು ಬಾಸೆಲ್‌ನ ಭಾಷೆ ಮಾತಾಡುವ ಆಡಿಟರನ್ನು ಎಲ್ಲಿಂದ ತರಬೇಕು, ಸಂಬಳ ಎಲ್ಲಿಂದ ಕೊಡಬೇಕು? ಇದರಲ್ಲಿ ನ್ಯಾಯವಿದೆ. ದೊಡ್ಡ ಬ್ಯಾಂಕಿನ ನಮೂನೆಗಳನ್ನು ಸಣ್ಣ ಬ್ಯಾಂಕಿನ ಮೇಲೆ ಹೊರಿಸಿದರೆ ಕಾಗದ ತುಂಬುತ್ತದೆ, ಕೆಲಸ ನಿಲ್ಲುತ್ತದೆ. ಆದರೆ ವೃತ್ತಿಯ ಮುಖ್ಯ ಭಾಗಕ್ಕೆ ಹೆಚ್ಚು ಹಣ ಬೇಕಿಲ್ಲ. ಆಡಿಟರನ್ನು ಅಧ್ಯಕ್ಷರೊಬ್ಬರೇ ತೆಗೆಯುವಂತಿಲ್ಲ ಎಂಬ ಠರಾವಿಗೆ ತಗಲುವುದು ಒಂದು ಹಾಳೆ ಕಾಗದ. ನಿರ್ದೇಶಕರ ಬಂಧುಗಳ ಖಾತೆ, ಒಂದೇ ವಿಳಾಸದ ಹಲವು ಸಾಲ, ಹಳೆಯ ಸಾಲ ತೀರಿಸಲು ಕೊಟ್ಟ ಹೊಸ ಸಾಲ ಇಷ್ಟನ್ನು ಮೊದಲು ನೋಡಿದರೆ ಅಪಾಯದ ದೊಡ್ಡ ಪಾಲು ಕಣ್ಣಿಗೆ ಬೀಳುತ್ತದೆ.

ಮೂರನೆಯ ಆಕ್ಷೇಪ ಮೃದುವಾದದ್ದು, ಹಾಗಾಗಿ ಹೆಚ್ಚು ಬಲವಾದದ್ದು: ಇದು ನಮ್ಮವರ ಬ್ಯಾಂಕು, ಒಬ್ಬರಿಗೊಬ್ಬರು ಗೊತ್ತು, ನಮ್ಮವರ ಮೇಲೆ ನಮಗೇ ಕಾವಲು ಬೇಕೇ? ಮುಂಬೈಯ ಸಹಕಾರಿ ಬ್ಯಾಂಕುಗಳನ್ನು ಬೆಳೆಸಿದ್ದು ಈ ಭರವಸೆಯೇ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ನಾಲ್ಕು ಬೀದಿಯ ಸದಸ್ಯರಿದ್ದಾಗ ಪರಿಚಯವೇ ತಪಾಸಣೆಯಾಗಿತ್ತು. ಹತ್ತಾರು ಶಾಖೆಗಳಾಗಿ, ಕಾಣದ ಊರಿನ ಕಟ್ಟಡಕ್ಕೆ ಸಾಲ ಹೋಗುವಾಗ ಪರಿಚಯ ಉಳಿಯುವುದು ಮಂಡಳಿಯ ಕೋಣೆಯಲ್ಲಿ ಮಾತ್ರ. ಅಲ್ಲಿ ಅದು ಪ್ರಶ್ನೆ ಕೇಳದಿರುವ ಸೌಜನ್ಯವಾಗಿ ಬದಲಾಗುತ್ತದೆ. ಸ್ವತಂತ್ರ ಆಡಿಟರಿದ್ದರೆ ಪ್ರಾಮಾಣಿಕ ಅಧ್ಯಕ್ಷರಿಗೂ ಲಾಭ: ಗಾಳಿಮಾತು ಎದ್ದಾಗ ತೋರಿಸಲು ಅವರ ಕೈಯಲ್ಲಿ ಏನಾದರೂ ಇರುತ್ತದೆ.

ಪರದೇಶದ ಮಾನದಂಡ ನಮ್ಮ ನೆಲಕ್ಕೆ ಹೊಂದುವುದೇ ಎಂಬುದು ಕೊನೆಯ ಸಂದೇಹ. ಹೊಂದುವುದಿಲ್ಲವೆಂದು ವಾದಿಸಲು ಈಗ ತಡವಾಗಿದೆ. ತಳೋಜಾದ ಕಾರ್ಖಾನೆಗಳಲ್ಲಿ ಐಎಸ್‌ಒ 9001ರ ಪ್ರಮಾಣಪತ್ರ ಉಳಿಸಿಕೊಳ್ಳಬೇಕಾದರೆ ನಿಗದಿತ ಅವಧಿಗೊಮ್ಮೆ ಆಂತರಿಕ ಆಡಿಟ್ ನಡೆಯಲೇಬೇಕು. ತನ್ನ ಕೆಲಸವನ್ನು ತಾನೇ ತಪಾಸಣೆ ಮಾಡಿ ಸರಿಯಿದೆ ಎನ್ನುವಂತಿಲ್ಲ ಎಂಬ ಕಟ್ಟಳೆ ಅಲ್ಲಿನ ಸೂಪರ್‌ವೈಸರಿಗೂ ಗೊತ್ತು. ನವಿ ಮುಂಬೈಯ ಐರೋಲಿ, ಮಹಾಪೆಗಳ ಕಚೇರಿಗಳಲ್ಲೂ ಬೆಂಗಳೂರಿನ ಜಾಗತಿಕ ಕೇಂದ್ರಗಳಲ್ಲೂ ನಮ್ಮ ಯುವಕ ಯುವತಿಯರು ಹೊರದೇಶದ ಬ್ಯಾಂಕುಗಳ ಒಳನಿಯಂತ್ರಣಗಳನ್ನು ಪರೀಕ್ಷಿಸುತ್ತಿದ್ದಾರೆ. ಲಂಡನ್ನಿನ ಠೇವಣಿದಾರರ ಹಣ ಕಾಯುವಷ್ಟು ನುರಿತ ಇಂಥವರ ಸ್ವಂತ ಮನೆಯ ಉಳಿತಾಯವೇ ಆಡಿಟರನ್ನು ಅಧ್ಯಕ್ಷರ ಮರ್ಜಿಗೆ ಬಿಟ್ಟ ಸಂಸ್ಥೆಯೊಂದರಲ್ಲಿ ಇರುವುದು ಸಾಧ್ಯ. ಕೌಶಲ ನಮ್ಮಲ್ಲಿದೆ; ಅದು ಹರಿದುಬರಬೇಕಾದ ಕಾಲುವೆ ಇನ್ನೂ ತೋಡಿಲ್ಲ.

ಉಳಿದರ್ಧ ತರುವ ಬಗೆ

ಆ ಕಾಲುವೆಗೆ ಈಗ ಒಂದು ಅವಕಾಶ ಒದಗಿದೆ. ನಗರ ಸಹಕಾರಿ ಬ್ಯಾಂಕುಗಳಿಗೆಂದೇ ರಾಷ್ಟ್ರೀಯ ನಗರ ಸಹಕಾರಿ ಹಣಕಾಸು ಮತ್ತು ಅಭಿವೃದ್ಧಿ ನಿಗಮ ಎಂಬ ಛತ್ರಸಂಸ್ಥೆ 2024ರ ಮಾರ್ಚ್ 2ರಂದು ದಿಲ್ಲಿಯಲ್ಲಿ ಉದ್ಘಾಟನೆಯಾಯಿತು. ಅದು ತಂತ್ರಾಂಶ, ನಿಧಿ ಒದಗಿಸುವುದಕ್ಕೆ ಮಾತ್ರ ನಿಲ್ಲದೆ ಸಣ್ಣ ಬ್ಯಾಂಕುಗಳಿಗೆ ಹಂಚಿಕೊಳ್ಳಬಹುದಾದ ಆಡಿಟರ ಪಡೆಯೊಂದನ್ನು ಕಟ್ಟಿದರೆ, 1904ರಲ್ಲಿ ಬಿಟ್ಟುಹೋದದ್ದು ಈಗಲಾದರೂ ಬಂದಂತಾಗುತ್ತದೆ. ₹500 ಕೋಟಿ ಮೀರಿದ ಬ್ಯಾಂಕುಗಳು ಆಂತರಿಕ ಆಡಿಟನ್ನು ಹೊರಗುತ್ತಿಗೆಗೆ ಕೊಡುವಂತಿಲ್ಲವೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಅಂಥ ಕಡೆ ಛತ್ರಸಂಸ್ಥೆ ಆಡಿಟನ್ನು ತಾನು ಮಾಡದೆ, ಅದರ ಗುಣಮಟ್ಟವನ್ನು ಐದು ವರ್ಷಕ್ಕೊಮ್ಮೆ ಅಳೆಯಬಹುದು, ಸಂಕಷ್ಟದಲ್ಲಿರುವ ಆಡಿಟರ ದೂರನ್ನು ಕೇಳಬಹುದು. ಹೊರದೇಶದ ವೃತ್ತಿಸಂಸ್ಥೆಗಳ ಜತೆಗಿನ ಒಡನಾಟವನ್ನೂ ಇತ್ತ ತಿರುಗಿಸಬೇಕು. ಪ್ರಮಾಣಪತ್ರ ಪಡೆದವರ ಸಂಖ್ಯೆ, ಐಷಾರಾಮಿ ಹೋಟೆಲಿನ ಸಮ್ಮೇಳನಗಳು ವೃತ್ತಿ ಬೆಳೆದುದರ ಅರ್ಧ ಅಳತೆ ಮಾತ್ರ. ಜರ್ಮನಿಯ ತಪಾಸಣಾ ಒಕ್ಕೂಟಗಳು ಸಣ್ಣ ಸಂಘವೊಂದರ ಲೆಕ್ಕವನ್ನು ಕಡಿಮೆ ಖರ್ಚಿನಲ್ಲಿ ಹೇಗೆ ನೋಡುತ್ತವೆಂದು ಕಲಿತು, ಅದನ್ನು ಮರಾಠಿ, ಕನ್ನಡಗಳಲ್ಲಿ ಶಾಖೆಯ ಮಟ್ಟಕ್ಕೆ ಇಳಿಸುವ ಪಾಲುದಾರಿಕೆ ಇದಕ್ಕಿಂತ ಹೆಚ್ಚು ಫಲ ಕೊಟ್ಟೀತು.

ಇದೆಲ್ಲ ಮೇಲಿನವರ ಕೆಲಸವೆಂದು ಸದಸ್ಯರು ಸುಮ್ಮನಿರಬೇಕಾಗಿಲ್ಲ. ಸಹಕಾರಿ ಬ್ಯಾಂಕಿನಲ್ಲಿ ಷೇರು ಹತ್ತಿರಲಿ, ಸಾವಿರವಿರಲಿ, ಒಬ್ಬರಿಗೆ ಒಂದೇ ಮತ. ಬೇರೆ ಯಾವ ಬ್ಯಾಂಕಿನಲ್ಲೂ ಗಿರಾಕಿಗೆ ಈ ಬಲವಿಲ್ಲ. ವಾರ್ಷಿಕ ಮಹಾಸಭೆಯಲ್ಲಿ ಎದ್ದುನಿಂತು ಈ ಸಲ ಡಿವಿಡೆಂಡ್ ಎಷ್ಟೆಂದು ಕೇಳುವುದು ವಾಡಿಕೆ. ಅದರ ಜತೆಗೆ ಇನ್ನು ಮೂರು ಪ್ರಶ್ನೆ ಕೇಳಬೇಕು. ನಮ್ಮ ಆಂತರಿಕ ಆಡಿಟರನ್ನು ನೇಮಿಸುವವರು, ತೆಗೆಯುವವರು ಯಾರು? ಕಳೆದ ವರ್ಷ ಅವರು ಆಡಳಿತದವರಿಲ್ಲದ ಹೊತ್ತಿನಲ್ಲಿ ಮಂಡಳಿಯನ್ನು ಎಷ್ಟು ಸಲ ಭೇಟಿಯಾದರು? ಅವರು ಎತ್ತಿದ ಆಕ್ಷೇಪಗಳಲ್ಲಿ ಇನ್ನೂ ಎಷ್ಟು ಬಾಕಿ ಇವೆ? ಉತ್ತರ ಚೆನ್ನಾಗಿದ್ದರೆ ಅಧ್ಯಕ್ಷರು ಸಂತೋಷದಿಂದ ಹೇಳುತ್ತಾರೆ. ತಡವರಿಸಿದರೆ, ಪನ್ವೇಲ್‌ನ ಠೇವಣಿದಾರರಿಗೆ ಬ್ಯಾಂಕು ಮುಚ್ಚಿದ ಮೇಲೆ ತಿಳಿದದ್ದು ಸದಸ್ಯರಿಗೆ ಬ್ಯಾಂಕು ತೆರೆದಿರುವಾಗಲೇ ತಿಳಿಯುತ್ತದೆ.